ಪತ್ತಿನ ಕಥೆ: ಚಕ್ಕಡಿ ಸಾಲದಿಂದ ಕಾರಿನ ಸಾಲದವರೆಗೆ



ನಮ್ಮ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಹೊರಬರುತ್ತಿರುವ ಸ್ಮರಣ ಸಂಚಿಕೆಗೆ ನಾವೂ ಒಂದು ನಾಲ್ಕು ಪುಟ ಬರೆಯಬೇಕೆಂದು ಆಡಳಿತ ಮಂಡಳಿಯ ಮಿತ್ರರು ಒತ್ತಾಯ ಮಾಡಿದರು. ಸಂಘ ಹುಟ್ಟಿದ್ದು, ಗೋದಾಮು ಕಟ್ಟಿದ್ದು, ಗೊಬ್ಬರದ ವ್ಯಾಪಾರ ಶುರುವಾದದ್ದು ಇದೆಲ್ಲ ಬೇರೆಯವರು ಬರೆದಿದ್ದಾರೆ. ನಾವು ಓದಿದ್ದು ಎಸ್.ಎಸ್.ಎಲ್.ಸಿ. ತನಕ, ಕಸುಬು ಒಕ್ಕಲುತನ. ಆದರೂ ಒಂದು ವಿಷಯ ನಾಲ್ಕಾರು ವರ್ಷದಿಂದ ಸಂಘದ ಕಟ್ಟೆಯ ಮೇಲೆ ಪದೇ ಪದೇ ಮಾತಿಗೆ ಬರುತ್ತಿದೆ. ನಮ್ಮ ಸದಸ್ಯರ ಮಕ್ಕಳು ಕಾರು ಕೊಳ್ಳಲಿಕ್ಕೆ, ಇಲ್ಲವೆ ಬಾಡಿಗೆಗೆ ಓಡಿಸಲು ಕ್ರೂಸರ್ ಕೊಳ್ಳಲಿಕ್ಕೆ ಪಟ್ಟಣದ ಬ್ಯಾಂಕಿಗೆ ಹೋದರೆ, “ನಿಮ್ಮ ಹೆಸರಿನ ಮ್ಯಾಲೆ ಸಾಲದ ಚರಿತ್ರಾನೇ ಇಲ್ಲ” ಅನ್ನಿಸಿಕೊಂಡು ತಿರುಗಿ ಬರುತ್ತಾರೆ. ಚರಿತ್ರೆ ಇಲ್ಲ ಅಂದರೆ ಏನು? ಅದು ಎಲ್ಲಿ ಇರುತ್ತದೆ, ಯಾರು ಬರೆಯುತ್ತಾರೆ? ಇದನ್ನು ಸ್ವಲ್ಪ ಹಿಂದಿನಿಂದ ಹೇಳಿದರೆ ತಿಳಿಯುತ್ತದೆ ಎಂದು ಈ ಲೇಖನ.

ನಮ್ಮದು ಪತ್ತಿನ ಸಹಕಾರ ಸಂಘ. ಬೋರ್ಡಿನ ಮೇಲೆ ದಿನಾ ಓದುವ ಈ ‘ಪತ್ತು’ ಎಂಬ ಶಬ್ದಕ್ಕೆ ಅರ್ಥ ಕೇಳಿದರೆ ಹುಡುಗರು ‘ಸಾಲ’ ಎನ್ನುತ್ತಾರೆ. ಪೂರ್ತಿ ಸರಿಯಲ್ಲ. ಪತ್ತು ಅಂದರೆ ವ್ಯವಹಾರದೊಳಗಿನ ನಂಬಿಕೆ. ಮರಾಠಿಯವರೂ ಪತ ಎಂದೇ ಅನ್ನುತ್ತಾರೆ. “ಅವನ ಪತ್ತು ಹೋತು” ಅಂದರೆ ಅವನಿಗೆ ಇನ್ನು ಅಂಗಡಿಯಲ್ಲಿ ಉದ್ರಿ ಹುಟ್ಟುವುದಿಲ್ಲ ಎಂದು ಅರ್ಥ. ಸಾಲ ಎಂಬುದು ಪತ್ತಿನ ಹಿಂದೆ ಬರುವಂಥಾದ್ದು. ಆದ್ದರಿಂದ ಸಾಲದ ಇತಿಹಾಸ ಅಂದರೆ, ಗೊತ್ತಿಲ್ಲದ ಮನುಷ್ಯನನ್ನು ನಂಬುವುದು ಹೇಗೆ ಎಂಬುದರ ಇತಿಹಾಸವೇ ಸೈ.

ಸಂಘಗಳಿಲ್ಲದ ಕಾಲದಲ್ಲಿ ಈ ಚರಿತ್ರೆ ಸಾವಕಾರನ ಖಾತೆವಹಿಯಲ್ಲಿತ್ತು. ಬರೆಯುವವನೂ ಅವನೇ, ಓದುವವನೂ ಅವನೇ. ಸಾಲ ತಂದ ಒಕ್ಕಲಿಗನಿಗೆ ಅಕ್ಷರ ಬಾರದು, ಹೆಬ್ಬೆಟ್ಟು ಒತ್ತುವುದಷ್ಟೇ ಗೊತ್ತು. ಕೊಟ್ಟದ್ದು ಜಮಾ ಆಯಿತೋ ಇಲ್ಲವೋ ಕೇಳುವವರಿಲ್ಲ. 1875ರ ಮೇ ತಿಂಗಳಲ್ಲಿ ಪುಣೆ ಜಿಲ್ಲೆಯ ಸೂಪಾ ಎಂಬ ಊರಿನಲ್ಲಿ ರೈತರು ಸಿಟ್ಟಿಗೆದ್ದರು. ದಂಗೆ ಅಹಮದ್‌ನಗರ ಜಿಲ್ಲೆಗೂ ಹಬ್ಬಿತು. ಇದರಲ್ಲಿ ಗಮನಿಸಬೇಕಾದ ಮಾತು ಒಂದಿದೆ: ಆ ಜನ ಮುಖ್ಯವಾಗಿ ಹುಡುಕಿದ್ದು ಸಾಲದ ಪತ್ರ, ಖಾತೆವಹಿಗಳನ್ನು. ಅವನ್ನು ಬೀದಿಗೆ ತಂದು ಸುಟ್ಟರು. ಇವತ್ತಿನ ಭಾಷೆಯಲ್ಲಿ ಹೇಳುವುದಾದರೆ ತಮ್ಮ ಸಾಲದ ಚರಿತ್ರೆಯನ್ನೇ ಸುಟ್ಟರು. ಮುಂದೆ 1879ರಲ್ಲಿ ಸರಕಾರ ದಖ್ಖನ್ನಿನ ರೈತರ ಪರಿಹಾರಕ್ಕೆಂದು ಒಂದು ಕಾಯಿದೆ ಮಾಡಿತು.

ಅದೇ ಸುಮಾರಿಗೆ ಅತ್ತ ಜರ್ಮನಿಯಲ್ಲಿ ಬೇರೊಂದು ದಾರಿ ತಯಾರಾಗಿತ್ತು. ಫ್ರೆಡರಿಕ್ ವಿಲ್ಹೆಲ್ಮ್ ರೈಫೈಸನ್ (1818–1888) ಎಂಬವರು ಹಳ್ಳಿಗಳ ಮೇಯರ್ ಆಗಿದ್ದವರು, ಅಂದರೆ ನಮ್ಮ ಪಂಚಾಯತಿ ಅಧ್ಯಕ್ಷರಿದ್ದಂತೆ. 1846–47ರ ಬರಗಾಲದಲ್ಲಿ ಬಡವರಿಗೆ ರೊಟ್ಟಿ ಒದಗಿಸಲು ಸಂಘ ಕಟ್ಟಿದರು. ಧರ್ಮದಿಂದ ಕೊಟ್ಟದ್ದು ಬಹಳ ದಿನ ನಡೆಯುವುದಿಲ್ಲ ಎಂದು ಕಂಡು 1864ರಲ್ಲಿ ಹೆಡ್ಡೆಸ್‌ಡಾರ್ಫ್ ಎಂಬಲ್ಲಿ ಸಾಲದ ಸಂಘವನ್ನು ರೂಪಿಸಿದರು. ಅವರ ಯುಕ್ತಿ ಸಾದಾ ಇತ್ತು. ಸಂಘದ ವ್ಯಾಪ್ತಿ ಒಂದು ಊರನ್ನು ಮೀರಬಾರದು. ಸಂಘದ ಸಾಲಕ್ಕೆ ಎಲ್ಲ ಸದಸ್ಯರೂ ತಮ್ಮ ಪೂರ್ತಿ ಆಸ್ತಿಯ ತನಕ ಹೊಣೆ. ಹೀಗಾದಾಗ ಯಾರಿಗೆ ಸಾಲ ಕೊಡಬೇಕು, ಯಾರಿಗೆ ಕೊಡಬಾರದು ಎಂಬುದನ್ನು ಊರೇ ಕಾಯುತ್ತದೆ. ಮದ್ರಾಸ್ ಸರಕಾರದ ಅಧಿಕಾರಿ ಫ್ರೆಡರಿಕ್ ನಿಕಲ್ಸನ್ ಇದನ್ನೆಲ್ಲ ಅಭ್ಯಾಸ ಮಾಡಿ 1895 ಮತ್ತು 1897ರಲ್ಲಿ ವರದಿ ಕೊಟ್ಟರು. ಅದರ ಫಲವೇ 1904ರ ಸಹಕಾರಿ ಪತ್ತಿನ ಸಂಘಗಳ ಕಾಯಿದೆ. ಹತ್ತು ಜನ ಕೂಡಿದರೆ ಒಂದು ಸಂಘ ಮಾಡಬಹುದು ಎಂದಾಯಿತು.

ಮುಂದಿನ ಮಾತು ನಮಗೆ ಹೆಮ್ಮೆಯದು. ಈ ಕಾಯಿದೆ ಬಂದ ಮರುವರ್ಷವೇ, 1905ರಲ್ಲಿ, ಆಗಿನ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆ ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಂಘ ಸ್ಥಾಪಿಸಿದರು. ದೇಶದಲ್ಲಿ ಇಂಥ ಸಂಘಗಳಲ್ಲಿ ಅದೇ ಮೊದಲನೆಯದೆಂದು ಹೆಸರಾಗಿದೆ. ಅದೇ 1905ರಲ್ಲಿ ಮೈಸೂರು ಸಂಸ್ಥಾನದವರೂ ತಮ್ಮದೇ ಸಹಕಾರ ಕಾಯಿದೆ ಮಾಡಿಕೊಂಡರು. ಕಣಗಿನಹಾಳ ನಮ್ಮ ಊರಿಗೆ ಬಹಳ ದೂರದ ಊರಲ್ಲ. ಸಹಕಾರಿ ಅನ್ನಿಸಿಕೊಂಡವರು ಒಮ್ಮೆಯಾದರೂ ಹೋಗಿ ಬರಬೇಕು.

ಆಗಿನ ಸಂಘಗಳಲ್ಲಿ ಸಾಲ ಕೊಡುವಾಗ ನೋಡುತ್ತಿದ್ದದ್ದು ಕಾಗದವನ್ನಲ್ಲ, ಮನುಷ್ಯನನ್ನು. ಇವನು ಹೊತ್ತಿಗೆ ಸರಿಯಾಗಿ ಹೊಲಕ್ಕೆ ಹೋಗುತ್ತಾನೋ ಇಲ್ಲವೋ, ಎತ್ತು ಹೊಟ್ಟೆತುಂಬ ಮೇಯುತ್ತವೋ ಇಲ್ಲವೋ, ಹಿಂದಿನ ವರ್ಷ ಕಾಳು ಮಾರಿದ ರೊಕ್ಕ ಎಲ್ಲಿ ಹೋಯಿತು, ಇವೆಲ್ಲ ಪಂಚರಿಗೆ ಗೊತ್ತು. ಚಕ್ಕಡಿ ಮಾಡಿಸಲು, ಜೋಡೆತ್ತು ಕೊಳ್ಳಲು ಸಾಲ ಬೇಕೆಂದರೆ ಇಬ್ಬರು ಜಾಮೀನುದಾರರು ಸಹಿ ಹಾಕಿದರೆ ಆಯಿತು. ವಾಹನ ಸಾಲ ಅಂದರೆ ನಮ್ಮ ಕಡೆ ಮೂಲದಲ್ಲಿ ಇದೇ. ಚಕ್ಕಡಿಗೆ ನಂಬರ್ ಪ್ಲೇಟ್ ಇರಲಿಲ್ಲ ಅಷ್ಟೆ.

ಹಿಂದಿನದೆಲ್ಲ ಬಂಗಾರದಂಥಾ ಕಾಲ ಎಂದು ಹೇಳುವುದು ನಮ್ಮ ಉದ್ದೇಶವಲ್ಲ. ಜಾಮೀನಿಗೆ ಯಾರೂ ನಿಲ್ಲದ ಕೇರಿಗಳೂ ಇದ್ದವು. ಹೊಲವಿಲ್ಲದವನಿಗೆ, ಗೇಣಿದಾರನಿಗೆ, ಗಂಡ ತೀರಿಕೊಂಡ ಹೆಣ್ಣುಮಗಳಿಗೆ ಸಹಿ ಹಾಕುವವರು ಸಿಗುತ್ತಿರಲಿಲ್ಲ. ಊರಿನ ನಂಬಿಕೆ ಊರಿನ ಕಣ್ಣಿಗೆ ಕಂಡವರಿಗಷ್ಟೇ ಸಿಕ್ಕಿತು. ರಿಜರ್ವ್ ಬ್ಯಾಂಕು 1951–52ರಲ್ಲಿ ದೇಶದ ಹಳ್ಳಿಗಳ ಸಾಲದ ಸಮೀಕ್ಷೆ ಮಾಡಿಸಿದಾಗ, ರೈತ ತಂದ ಸಾಲದಲ್ಲಿ ಸಹಕಾರ ಸಂಘಗಳ ಪಾಲು ನೂರಕ್ಕೆ 3.1 ಮಾತ್ರ ಎಂದು ತಿಳಿಯಿತು. ಬ್ಯಾಂಕುಗಳದ್ದು ನೂರಕ್ಕೆ ಒಂದೂ ತುಂಬಲಿಲ್ಲ. ಸುಮಾರು ನೂರಕ್ಕೆ 70 ಲೇವಾದೇವಿಯವರದ್ದೇ. ಐವತ್ತು ವರ್ಷ ಸಹಕಾರ ನಡೆದ ಮೇಲಿನ ಲೆಕ್ಕ ಇದು.

ಮುಂದೆ ಟ್ರ್ಯಾಕ್ಟರ್ ಬಂದವು. ಭೂ ಅಭಿವೃದ್ಧಿ ಬ್ಯಾಂಕಿನವರು, 1969ರಲ್ಲಿ 14 ಬ್ಯಾಂಕುಗಳ ರಾಷ್ಟ್ರೀಕರಣವಾದ ಮೇಲೆ ಇತರ ಬ್ಯಾಂಕಿನವರೂ ಟ್ರ್ಯಾಕ್ಟರಿಗೆ ಸಾಲ ಕೊಟ್ಟರು. ಇಲ್ಲಿ ಮನುಷ್ಯನ ಗುಣದ ಪ್ರಶ್ನೆ ಹಿಂದೆ ಸರಿಯಿತು. ಉತಾರ ತೊಗೊಂಡು ಬಾ, ಎಷ್ಟು ಎಕರೆ ಹೇಳು, ಬೋಜಾ ಏರಿಸು, ಗಾಡಿ ತೊಗೊಂಡು ಹೋಗು. ಹೊಲ ಇದ್ದವನಿಗೆ ಟ್ರ್ಯಾಕ್ಟರ್. ಅದನ್ನು ನಡೆಸುವ ಡ್ರೈವರನಿಗೆ ಹೊಲ ಇಲ್ಲ, ಆದ್ದರಿಂದ ಸ್ವಂತ ಗಾಡಿಯೂ ಇಲ್ಲ.

ಆ ಡ್ರೈವರನಿಗೆ ದಾರಿ ತೆರೆದದ್ದು ಮೂರನೆಯ ಪದ್ಧತಿ. ಇದರ ಬೇರು ಅಮೇರಿಕದಲ್ಲಿದೆ. ಅಲ್ಲಿ 1850ರ ದಶಕದಲ್ಲಿಯೇ ಸಿಂಗರ್ ಕಂಪನಿಯವರು ಹೊಲಿಗೆ ಯಂತ್ರವನ್ನು ಕಂತಿನ ಮೇಲೆ ಮಾರುತ್ತಿದ್ದರು. ಕಾರಿಗೆ ಮಾತ್ರ ಬ್ಯಾಂಕಿನವರು ಸಾಲ ಕೊಡಲು ಹಿಂಜರಿಯುತ್ತಿದ್ದರು. 1919ರಲ್ಲಿ ಜನರಲ್ ಮೋಟರ್ಸ್ ಕಂಪನಿ ತನ್ನ ಕಾರು ಕೊಳ್ಳುವವರಿಗೆ ಸಾಲ ಕೊಡಲಿಕ್ಕೆಂದೇ ಒಂದು ಸಂಸ್ಥೆ ತೆರೆಯಿತು. ಹೆನ್ರಿ ಫೋರ್ಡ್‌ಗೆ ಸಾಲದ ವ್ಯಾಪಾರ ಸೇರುತ್ತಿರಲಿಲ್ಲ. ಆತ 1923ರಲ್ಲಿ ಇನ್ನೊಂದು ಯೋಜನೆ ಮಾಡಿದ: ವಾರಕ್ಕೆ 5 ಡಾಲರ್ ಕಟ್ಟುತ್ತಾ ಹೋಗಿರಿ, ಕಾರಿನ ಬೆಲೆ ತುಂಬಿದ ಮೇಲೆ ಕಾರು ಒಯ್ಯಿರಿ. ನಮ್ಮ ಹೆಣ್ಣುಮಕ್ಕಳು ಹಾಕುವ ಭಿಶಿಯ ಹಾಗೆ ಅನ್ನಿರಿ. ಜನಕ್ಕೆ ಇದು ಹಿಡಿಸಲಿಲ್ಲ. ಮೊದಲು ಗಾಡಿ ಕೊಟ್ಟು ಆಮೇಲೆ ರೊಕ್ಕ ಕೇಳುವವನ ಕಡೆಗೇ ಹೋದರು. ಕೊನೆಗೆ 1928ರಲ್ಲಿ ಫೋರ್ಡ್ ಕಂಪನಿಯೂ ಸಾಲ ಕೊಡುವ ಸಂಸ್ಥೆ ತೆರೆಯಿತು.

ಕಂತಿನ ಕರಾರಿನ ತಿರುಳು ಇಷ್ಟು: ಮನುಷ್ಯನ ಗುಣ ಗೊತ್ತಿಲ್ಲ, ಹೊಲವೂ ಇಲ್ಲ, ಆದರೆ ಗಾಡಿ ಐತಲ್ಲ! ಗಾಡಿಯೇ ಜಾಮೀನು. ನಮ್ಮ ದೇಶದಲ್ಲಿ ಲಾರಿ ಧಂದೆ ಬೆಳೆದದ್ದು ಬಹಳಮಟ್ಟಿಗೆ ಇದರಿಂದಲೇ. ಮದ್ರಾಸಿನಲ್ಲಿ 1954ರಲ್ಲಿ ಸುಂದರಂ ಫೈನಾನ್ಸ್, 1979ರಲ್ಲಿ ಶ್ರೀರಾಮ ಟ್ರಾನ್ಸ್‌ಪೋರ್ಟ್ ಫೈನಾನ್ಸ್ ಹುಟ್ಟಿದವು. ಎರಡನೆಯವರು ಹಳೆಯ ಲಾರಿ ಕೊಳ್ಳುವ ಡ್ರೈವರುಗಳಿಗೆ ಸಾಲ ಕೊಟ್ಟೇ ದೊಡ್ಡವರಾದರು. ನಮ್ಮ ಭಾಗದ ಎಷ್ಟೋ ಕ್ಲೀನರ್ ಹುಡುಗರು ಹೀಗೆ ಮಾಲಕರಾದರು. ಟ್ರ್ಯಾಕ್ಸ್, ಟಂಟಂ ಹಳ್ಳಿಗೆ ಬಂದದ್ದೂ ಇದೇ ದಾರಿಯಿಂದ. ಊರಿನಲ್ಲಿ ಯಾರೂ ಜಾಮೀನು ನಿಲ್ಲದವರಿಗೆ ದೂರದ ಫೈನಾನ್ಸಿನವನು ಕೊಟ್ಟ. ಇದನ್ನು ನಾವು ಮರೆಯಬಾರದು.

ಆದರೆ ಇದಕ್ಕೆ ಬೆಲೆ ಇತ್ತು, ಇಂದಿಗೂ ಇದೆ. ಗೊತ್ತಿಲ್ಲದವನಿಗೆ ಕೊಡುವ ಸಾಲಕ್ಕೆ ಬಡ್ಡಿ ಹೆಚ್ಚು. ಹೇಳುವಾಗ ಫ್ಲ್ಯಾಟ್ ದರ ಹೇಳುತ್ತಾರೆ. ಇದನ್ನೊಮ್ಮೆ ಲೆಕ್ಕ ಮಾಡಿ ನೋಡೋಣ. 3 ಲಕ್ಷ ರೂಪಾಯಿ ಸಾಲ, 3 ವರ್ಷ, ಫ್ಲ್ಯಾಟ್ ನೂರಕ್ಕೆ 10. ಬಡ್ಡಿ 90 ಸಾವಿರ, ತಿಂಗಳ ಕಂತು 10,833 ರೂಪಾಯಿ. ಅದೇ ನೂರಕ್ಕೆ 10ನ್ನು ಉಳಿದ ಅಸಲಿನ ಮೇಲೆ ಹಾಕಿದರೆ ಕಂತು 9,680, ಒಟ್ಟು ಬಡ್ಡಿ ಸುಮಾರು 48,500. ಫ್ಲ್ಯಾಟ್‌ನಲ್ಲಿ ನೀವು ತೀರಿಸಿದ ಅಸಲಿಗೂ ಕಡೆತನಕ ಬಡ್ಡಿ ಬೀಳುತ್ತದೆ. ಆ ‘10’ ಎಂಬುದು ನಿಜವಾಗಿ ಸುಮಾರು 18. ಗಾಡಿ ಸಾಲಕ್ಕೆ ಹೋಗುವ ಹುಡುಗರು ಕಂತು ಎಷ್ಟು ಎಂದು ಕೇಳಿ ಸುಮ್ಮನಾಗುತ್ತಾರೆ. ಉಳಿಕೆಯ ಮೇಲೆ ಬಡ್ಡಿ ಎಷ್ಟು ಎಂದು ಕೇಳುವವರು ಕಡಿಮೆ.

ಇನ್ನೊಂದು ಗಾಡಿ ಸೀಜ್ ಮಾಡುವ ವಿಷಯ. ಎರಡು ಕಂತು ತಪ್ಪಿದರೆ ಸಂತೆಯ ದಿನ, ನಾಲ್ಕು ಮಂದಿಯ ಮುಂದೆ, ಪ್ಯಾಸೆಂಜರನ್ನು ಇಳಿಸಿ ಗಾಡಿ ಒಯ್ದದ್ದನ್ನು ನಮ್ಮ ಕಡೆ ಬಹಳ ಜನ ಕಂಡಿದ್ದಾರೆ. 2007ರಲ್ಲಿ ಸುಪ್ರೀಂ ಕೋರ್ಟು, ಸಾಲ ವಸೂಲಿಗೆ ಗೂಂಡಾಗಳನ್ನು ಕಳಿಸಿ ವಾಹನ ಎಳೆದೊಯ್ಯುವುದನ್ನು ಕಟುವಾಗಿ ಖಂಡಿಸಿತು. ಕಂತಿನ ಖರೀದಿಗೆಂದು 1972ರಲ್ಲಿಯೇ ಒಂದು ಕಾಯಿದೆ ಪಾಸಾಗಿತ್ತು. ಅದನ್ನು ಜಾರಿಗೆ ತರಲೇ ಇಲ್ಲ, 2005ರಲ್ಲಿ ರದ್ದು ಮಾಡಿದರು. ಮೂವತ್ತಮೂರು ವರ್ಷ ಕಪಾಟಿನಲ್ಲಿ ಕುಂತ ಕಾಯಿದೆ!

ಈಗ ನಾಲ್ಕನೆಯ ಪದ್ಧತಿಗೆ ಬರೋಣ. ಇದರಲ್ಲಿ ಮನುಷ್ಯನ ಪತ್ತನ್ನು ಅಂಕಿಯಲ್ಲಿ ಅಳೆಯುತ್ತಾರೆ. ಅಮೇರಿಕದಲ್ಲಿ 1841ರಲ್ಲಿಯೇ ಲೂಯಿಸ್ ಟಪ್ಪನ್ ಎಂಬ ವ್ಯಾಪಾರಿ, ಊರೂರಿನ ವರ್ತಕರ ನಡತೆಯ ಮಾಹಿತಿ ತರಿಸಿ ಬರೆದಿಡುವ ಕಚೇರಿ ತೆರೆದಿದ್ದ. ನಮ್ಮಲ್ಲಿ 2000ದಲ್ಲಿ ಸಿಬಿಲ್ ಸ್ಥಾಪನೆಯಾಯಿತು. 2005ರಲ್ಲಿ ಇಂಥ ಕಂಪನಿಗಳಿಗೆ ಕಾಯಿದೆ ಬಂತು. ಈಗ ಸಿಬಿಲ್ ಸೇರಿ ಇಂಥವು ನಾಲ್ಕಿವೆ. ಬ್ಯಾಂಕು, ಫೈನಾನ್ಸುಗಳು ಯಾರು ಎಷ್ಟು ಸಾಲ ತಂದರು, ಯಾವ ತಿಂಗಳು ಕಂತು ತಪ್ಪಿಸಿದರು ಎಂಬುದನ್ನು ಇವರಿಗೆ ಕಳಿಸಬೇಕು. ಅದನ್ನು ಕೂಡಿಸಿ ಕಳೆದು 300ರಿಂದ 900ರ ನಡುವೆ ಒಂದು ಅಂಕಿ ಕೊಡುತ್ತಾರೆ. ಇದಕ್ಕೇ ಎಲ್ಲರೂ ‘ಸಿಬಿಲ್’ ಎನ್ನುವುದು ರೂಢಿ.

ನಮ್ಮ ಸಂಘಕ್ಕೂ ಸಿಬಿಲ್‌ಗೂ ಹೆಚ್ಚು ಕಡಿಮೆ ಒಂದೇ ವಯಸ್ಸು. ಆದರೆ ಒಬ್ಬರ ಮುಖ ಒಬ್ಬರಿಗೆ ಗೊತ್ತಿಲ್ಲ. 2005ರ ಕಾಯಿದೆಯಲ್ಲಿ ಮಾಹಿತಿ ಕಳಿಸಬೇಕಾದ ಸಂಸ್ಥೆಗಳ ಪಟ್ಟಿ ಇದೆ. ಅದರಲ್ಲಿ ಬ್ಯಾಂಕುಗಳಿವೆ, ಸಹಕಾರಿ ಬ್ಯಾಂಕುಗಳಿವೆ, ಫೈನಾನ್ಸುಗಳಿವೆ. ಹಳ್ಳಿಯ ಪ್ರಾಥಮಿಕ ಪತ್ತಿನ ಸಂಘದ ಹೆಸರಿಲ್ಲ. ನಮ್ಮ ಸದಸ್ಯರು ಬೆಳೆ ಸಾಲ ತರುತ್ತಾರೆ, ಶೂನ್ಯ ಬಡ್ಡಿ ಸಿಗಬೇಕೆಂದರೆ ವಾಯಿದೆಯೊಳಗೆ ತುಂಬಲೇಬೇಕು. ಕೈಗಡ ಮಾಡಿಯಾದರೂ ತುಂಬಿ ಮತ್ತೆ ತೆಗೆಯುತ್ತಾರೆ. ವರ್ಷ ವರ್ಷ ನಡೆದ ಈ ನೇಮಸ್ತಿಕೆ ನಮ್ಮ ಲೆಡ್ಜರಿನಲ್ಲಿ ಇದೆ, ಪಟ್ಟಣದ ಬ್ಯಾಂಕಿನ ಕಂಪ್ಯೂಟರಿನಲ್ಲಿ ಇಲ್ಲ.

ಮೊನ್ನೆ ಮೊನ್ನೆಯ ಸಂಗತಿ ಒಂದನ್ನು ಹೇಳುತ್ತೇವೆ. ಸದಸ್ಯರ ಹೆಸರು ಬರೆಯುವುದಿಲ್ಲ. ಸಂಘ ಶುರುವಾದಂದಿನಿಂದ ಒಂದು ವಾಯಿದೆಯನ್ನೂ ತಪ್ಪಿಸದ ಮನೆತನ. ಬರಗಾಲದ ವರ್ಷವೂ ಎಮ್ಮೆ ಮಾರಿ ತುಂಬಿದವರು. ಅವರ ಮಗ, ಡ್ರೈವಿಂಗ್ ಬಲ್ಲವನು, ಬಾಡಿಗೆ ಕಾರು ಹಾಕಬೇಕೆಂದು ತಂದೆಯ ಜೊತೆಗೆ ಪಟ್ಟಣದ ಒಂದು ಬ್ಯಾಂಕಿಗೆ ಹೋದ. ಅಲ್ಲಿಯ ಸಾಹೇಬರು ಇಬ್ಬರ ಹೆಸರೂ ಒತ್ತಿ ನೋಡಿ, “ಯಜಮಾನ್ರ, ನಿಮ್ದೂ ಇಲ್ಲ, ನಿಮ್ಮ ಮಗಂದೂ ಇಲ್ಲ” ಅಂದರು. “ಸಾಹೇಬ್ರ, ಸೊಸೈಟ್ಯಾಗ ಕೇಳ್ರಿ, ನಮ್ದು ಇಪ್ಪತ್ತೈದು ವರ್ಷದ ಲೆಕ್ಕ ಐತ್ರಿ” ಎಂದು ಇವರು ಅಂದರೆ, “ಅದು ಇಲ್ಲಿ ಬರೂದಿಲ್ರಿ” ಎಂಬ ಉತ್ತರ. ಅದೇ ವೇಳೆಗೆ ಮೂರು ವರ್ಷದಿಂದ ಮೊಬೈಲು, ಫ್ರಿಜ್ಜು ಕಂತಿನ ಮೇಲೆ ಕೊಂಡ ಮತ್ತೊಬ್ಬ ಹುಡುಗನಿಗೆ ಒಳ್ಳೆಯ ಅಂಕಿ ಬಂದು ಸಾಲ ಮಂಜೂರಾಯಿತು. ಅವನ ಬಗ್ಗೆ ನಮಗೆ ಹೊಟ್ಟೆಕಿಚ್ಚಿಲ್ಲ, ಅವನೂ ಕಂತು ಸರಿಯಾಗಿ ತುಂಬಿದ್ದಾನೆ. ಆದರೆ ಸಾಲ ಮಾಡಿ ಫ್ರಿಜ್ಜು ತಂದವನಿಗೆ ಪತ್ತು ಇದೆ, ಎಮ್ಮೆ ಮಾರಿ ಸಾಲ ತೀರಿಸಿದವನಿಗೆ ಇಲ್ಲ ಎಂದರೆ ಆ ತಕ್ಕಡಿಯಲ್ಲಿ ಏನೋ ಕೊರತೆ ಇದೆ ಎಂದು ಹೇಳಲೇಬೇಕು.

ಆ ತಂದೆ-ಮಗ ಬಹಳ ನೊಂದುಕೊಂಡರು. ತಮ್ಮ ಹೆಸರು ಕೆಟ್ಟಿದೆ ಎಂದೇ ತಿಳಿದರು. ಹಾಗಲ್ಲ ಎಂಬುದನ್ನು ಎಲ್ಲ ಸದಸ್ಯರೂ ತಿಳಿಯಬೇಕು. ಸಿಬಿಲ್ ಪತ್ರದಲ್ಲಿ ಅಂಕಿಯ ಬದಲು ‘ಎನ್.ಎಚ್.’ ಎಂದೋ ‘–1’ ಎಂದೋ ಬಂದರೆ ಅದು ಚರಿತ್ರೆ ಇಲ್ಲ ಎಂಬ ಗುರುತು, ಕೆಟ್ಟ ಚರಿತ್ರೆಯದ್ದಲ್ಲ. ಕೋರಾ ಪಾಟಿಗೂ ತಪ್ಪು ಬರೆದ ಪಾಟಿಗೂ ವ್ಯತ್ಯಾಸ ಉಂಟಲ್ಲವೇ? 2025ರ ಜನವರಿಯಲ್ಲಿ ಹೊರಟ ರಿಜರ್ವ್ ಬ್ಯಾಂಕಿನ ನಿರ್ದೇಶನದಲ್ಲಿ, ಮೊದಲ ಸಲ ಸಾಲ ಕೇಳುವವರ ಅರ್ಜಿಯನ್ನು ಚರಿತ್ರೆ ಇಲ್ಲ ಎಂಬ ಒಂದೇ ಕಾರಣಕ್ಕೆ ತಳ್ಳಿಹಾಕಬಾರದು ಎಂದು ಬ್ಯಾಂಕುಗಳಿಗೆ ತಿಳಿಸಲಾಗಿದೆ. ಅದೇ ವರ್ಷ ಕೇಂದ್ರ ಹಣಕಾಸು ಇಲಾಖೆಯೂ ಸಂಸತ್ತಿನಲ್ಲಿ ಇದನ್ನೇ ಹೇಳಿತು. ಸಾಲ ಕೊಡಲೇಬೇಕೆಂದು ಇದರ ಅರ್ಥವಲ್ಲ. ಉತ್ಪನ್ನ, ಮುಂಗಡ, ಜಾಮೀನು ಇವನ್ನು ನೋಡಿ ತೀರ್ಮಾನಿಸಬೇಕು ಅಷ್ಟೆ.

ಹಾಗಾದರೆ ಆ ಹುಡುಗ ಏನು ಮಾಡಿದ? ಎರಡನೆಯ ಸಲ ಹೋಗುವಾಗ ತಯಾರಾಗಿ ಹೋದ. ಕಾರಿನ ಬೆಲೆಯ ಮೂರರಲ್ಲಿ ಒಂದು ಪಾಲು ಮುಂಗಡ ಕೂಡಿಸಿದ್ದ. ಎಪಿಎಂಸಿಯಲ್ಲಿ ಕಾಳು ಮಾರಿದ ಮೂರು ವರ್ಷದ ಪಟ್ಟಿಗಳು, ಹಾಲಿನ ಡೈರಿಯ ಪಾಸ್‌ಬುಕ್ಕು, ಉತಾರ ಎಲ್ಲ ಜೋಡಿಸಿದ. ಪ್ರಾಥಮಿಕ ಶಾಲೆಯಲ್ಲಿ ಮಾಸ್ತರರಾಗಿರುವ ಅವನ ಸೋದರಮಾವ ಜೊತೆ ಅರ್ಜಿದಾರರಾಗಿ ಸಹಿ ಹಾಕಿದರು. ಅವರಿಗೆ ಪಗಾರದ ಖಾತೆ, ಹಿಂದಿನ ಸಾಲದ ದಾಖಲೆ ಇತ್ತು. ಸಾಲ ಆಯಿತು. ನೋಡಿರಿ, ಕೊನೆಗೆ ಕೆಲಸಕ್ಕೆ ಬಂದದ್ದು 1905ರ ಜಾಮೀನಿನ ಪದ್ಧತಿಯೇ!

ಗಡಿಬಿಡಿ ಇಲ್ಲದವರು ವರ್ಷ ಮೊದಲೇ ಬ್ಯಾಂಕಿನಲ್ಲಿ ಸಣ್ಣದೊಂದು ಬಂಗಾರದ ಸಾಲ ತೆಗೆದು ಹೊತ್ತಿಗೆ ಸರಿಯಾಗಿ ತೀರಿಸಿದರೂ ದಾಖಲೆ ಹುಟ್ಟುತ್ತದೆ. ಒಂದೇ ವಾರದಲ್ಲಿ ಐದಾರು ಕಡೆ ಅರ್ಜಿ ಹಾಕುವುದು ಬೇಡ, ಪ್ರತಿಯೊಂದು ವಿಚಾರಣೆಯೂ ಅಲ್ಲಿ ದಾಖಲಾಗುತ್ತದೆ. ನಾಲ್ಕು ಕಂಪನಿಗಳೂ ವರ್ಷಕ್ಕೊಮ್ಮೆ ನಿಮ್ಮ ವರದಿಯನ್ನು ಪುಕ್ಕಟೆ ಕೊಡಬೇಕೆಂಬ ನಿಯಮವಿದೆ, ತರಿಸಿ ನೋಡಿರಿ. ತೀರಿಸಿದ ಸಾಲ ಬಾಕಿ ಎಂದು ಬಂದಿದ್ದರೆ ತಿದ್ದಿಸಲು ಬರುತ್ತದೆ. ಜಾಮೀನು ನಿಲ್ಲುವವರಿಗೂ ಒಂದು ಮಾತು. ಮೊದಲು ಜಾಮೀನು ತಪ್ಪಿದರೆ ಊರಿನಲ್ಲಿ ಮುಖಭಂಗ ಆಗುತ್ತಿತ್ತು, ಈಗ ನಿಮ್ಮ ವರದಿಯಲ್ಲೂ ಬರುತ್ತದೆ. ದಾಕ್ಷಿಣ್ಯಕ್ಕೆ ಸಹಿ ಹಾಕಿ ಮರೆಯುವ ಕಾಲ ಹೋಯಿತು. ಕಂತು ಮುಗಿದವರು ಬ್ಯಾಂಕಿನಿಂದ ಎನ್.ಒ.ಸಿ. ಮತ್ತು ಫಾರ್ಮ್ 35 ಪಡೆದು ಆರ್.ಟಿ.ಓ. ಕಚೇರಿಯಲ್ಲಿ ಆರ್.ಸಿ.ಯ ಮೇಲಿನ ಬ್ಯಾಂಕಿನ ಹೆಸರು ತೆಗೆಸಬೇಕು. ಇದನ್ನು ಬಿಟ್ಟವರು ಗಾಡಿ ಮಾರುವಾಗ ಅಲೆದಾಡುತ್ತಾರೆ.

ಇನ್ನು ಸಂಘದ ಕಡೆಯ ಮಾತು. ಕೇಂದ್ರ ಸರಕಾರ 2022ರ ಜೂನ್‌ನಲ್ಲಿ 2,516 ಕೋಟಿ ರೂಪಾಯಿಯ ಯೋಜನೆ ಮಾಡಿ, ಮೊದಲಿಗೆ 63 ಸಾವಿರ ಪ್ರಾಥಮಿಕ ಸಂಘಗಳ ಲೆಕ್ಕಪತ್ರ ಕಂಪ್ಯೂಟರಿಗೆ ಏರಿಸಲು ಹೊರಟಿತು. ಲೆಕ್ಕ ಕಂಪ್ಯೂಟರಿಗೆ ಬಂದ ಮಾತ್ರಕ್ಕೆ ಅದು ಸಿಬಿಲ್‌ಗೆ ಮುಟ್ಟುವುದಿಲ್ಲ, ಅದಕ್ಕೆ ಬೇರೆ ಆದೇಶವೇ ಆಗಬೇಕು. ಹಾಗೆ ಮುಟ್ಟಿಸಬೇಕೋ ಬೇಡವೋ ಎಂಬುದರ ಬಗ್ಗೆ ನಮ್ಮ ಆಡಳಿತ ಮಂಡಳಿಯಲ್ಲಿಯೇ ಎರಡು ಅಭಿಪ್ರಾಯವಿದೆ. ಸರಿಯಾಗಿ ತುಂಬಿದವರಿಗೆ ಇದರಿಂದ ಅನುಕೂಲ. ಆದರೆ ಮಳೆ ಕೈಕೊಟ್ಟ ವರ್ಷ ಬಾಕಿ ಉಳಿದ ರೈತನ ಹೆಸರೂ ಅಲ್ಲಿ ಕೆಟ್ಟು ಕೂಡುತ್ತದೆ. ಊರಿನ ಸಂಘಕ್ಕೆ ಮಳೆಯ ಲೆಕ್ಕ ಗೊತ್ತು, ಯಂತ್ರಕ್ಕೆ ಗೊತ್ತಿಲ್ಲ. ನಮ್ಮ ಮಟ್ಟಿಗೆ ಹೇಳುವುದಾದರೆ, ಬರ ಘೋಷಣೆಯಾದ ವರ್ಷದ ಬಾಕಿಯನ್ನು ಬೇರೆ ಗುರುತಿನಿಂದ ಬರೆಯುವ ವ್ಯವಸ್ಥೆ ಆದರೆ ಮಾತ್ರ ಇದು ಒಪ್ಪುವಂಥ ಮಾತು. ಮುಂದಿನ ಸರ್ವಸಾಧಾರಣ ಸಭೆಯಲ್ಲಿ ಈ ವಿಷಯ ಇಡುತ್ತೇವೆ, ಸದಸ್ಯರು ಬಂದು ಮಾತಾಡಬೇಕು.

ಅಲ್ಲಿಯವರೆಗೆ ಸಂಘದಿಂದ ಆಗುವ ಒಂದು ಸಣ್ಣ ಕೆಲಸವಿದೆ. ಯಾವ ಸದಸ್ಯರಿಗಾದರೂ ವಾಹನ ಸಾಲಕ್ಕೆ ಬೇಕಾದಲ್ಲಿ, ಹಿಂದಿನ ವರ್ಷಗಳ ಸಾಲ ಮತ್ತು ಮರುಪಾವತಿಯ ಉತಾರೆಯನ್ನು ಸಹಿ ಶಿಕ್ಕಾ ಸಮೇತ ಬರೆದು ಕೊಡಲು ಕಾರ್ಯದರ್ಶಿಯವರಿಗೆ ಹೇಳಲಾಗಿದೆ. ಬ್ಯಾಂಕಿನವರು ಅದನ್ನು ಮಾನ್ಯ ಮಾಡಲೇಬೇಕೆಂಬ ಕಾಯಿದೆ ಇಲ್ಲ, ಆದರೂ ಅರ್ಜಿಯ ಜೊತೆಗೆ ಲಗತ್ತಿಸಿರಿ. ಸಂಘದ ಮೊದಲ ವರ್ಷದಿಂದ ಎಲ್ಲ ಲೆಡ್ಜರುಗಳೂ ಒಳಗಿನ ಕೋಣೆಯ ಕಬ್ಬಿಣದ ಕಪಾಟಿನಲ್ಲಿ ಭದ್ರವಾಗಿವೆ. ಉತಾರೆ ಬೇಕಾದವರು ಸದಸ್ಯತ್ವದ ನಂಬರ್ ಬರೆದ ಅರ್ಜಿಯನ್ನು ಎರಡು ದಿನ ಮೊದಲು ಕೊಟ್ಟರೆ ಹುಡುಕಿ ತೆಗೆಯಲು ಸುಲಭವಾಗುತ್ತದೆ.